ಡೇಟಾಬೇಸಿನಲ್ಲಿ ವೀರಭದ್ರಸ್ವಾಮಿ

ಶಿರಾದ ರಕ್ತದಾನಿಗಳ ಬಳಗದ ಕಂಪ್ಯೂಟರಿನಿಂದ ಬೆಳಗಾಗುವಷ್ಟರಲ್ಲಿ ದಾನಿಗಳೆಲ್ಲ ಮಾಯ. ಉಳಿದಿದ್ದು ಒಂದೇ ಹೆಸರು: ವೀರಭದ್ರಸ್ವಾಮಿ. ರಕ್ತದ ಗುಂಪಿಲ್ಲ, ಫೋನ್ ನಂಬರಿಲ್ಲ. ಅತ್ತ ಆಸ್ಪತ್ರೆಯಲ್ಲಿ ಬಾಣಂತಿ ದಾಸಮ್ಮನಿಗೆ ತುರ್ತಾಗಿ ಓ ನೆಗೆಟಿವ್ ರಕ್ತ ಬೇಕು.

"ಹೊರಗಿನೋರು ಯಾರಾದ್ರೂ ನುಗ್ಗಿದಾರಾ?" ಸಬ್ ಇನ್‌ಸ್ಪೆಕ್ಟರ್ ಲೋಹಿತಾ ಕೇಳಿದಳು.

"ಇಲ್ಲ ಮೇಡಂ," ಎಂದಳು ಪ್ರೋಗ್ರಾಂ ಬರೆದ ಜೈಬಾ. "ಪೈಥಾನ್ ಪ್ರೋಗ್ರಾಂ, ಡೇಟಾಬೇಸ್, ಎರಡೂ ಇದೇ ಕಂಪ್ಯೂಟರಲ್ಲಿವೆ. ಇದಕ್ಕೆ ಇಂಟರ್ನೆಟ್ಟೇ ಕೊಟ್ಟಿಲ್ಲ."

ಆಫೀಸಿನ ಬೀಗದ ಕೈ ಇದ್ದದ್ದು ಇನ್ನಿಬ್ಬರ ಬಳಿ: ಗುಮಾಸ್ತ ತಿಪ್ಪೇಶ್, ಕಾರ್ಯದರ್ಶಿ ಪ್ರಭುದೇವ್. ಪ್ರಭುದೇವ್ ಆಗಲೇ ಹಳೆಯ ದಾನಿಗಳಿಗೆ ನೆನಪಿನಿಂದಲೇ ಫೋನ್ ಹಚ್ಚುತ್ತಿದ್ದ. "ಈ ಡಬ್ಬ ನಂಬ್ಕಂಡ್ರೆ ಇಂಗೇ ಆಗೋದು. ನಾನಿದೀನಲ್ಲ!" ಆದರೆ ಒಬ್ಬ ಊರಲ್ಲಿಲ್ಲ, ಇನ್ನೊಬ್ಬನಿಗೆ ಜ್ವರ. ಪ್ರಭುದೇವ್ ಮತ್ತೊಂದು ನಂಬರ್ ಒತ್ತಿದ.

ತಿಪ್ಪೇಶನದು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಸ್ವಭಾವ. ಕೇಳುವ ಮೊದಲೇ ಶುರುವಿಟ್ಟ. "ಕೆಲ್ಸ ಹೋಯ್ತದೆ ಅಂತ ಈ ಹುಡ್ಗಿ ಮ್ಯಾಲೆ ಕೂಗಾಡಿದ್ದು ದಿಟ. ಆದ್ರೆ ನಮ್ ಮನೆದೇವ್ರು ಜುಂಜಪ್ಪನಾಣೆ, ಮುಟ್ಟಿಲ್ಲ ಕಣಮ್ಮ!"

ಮನೆದೇವರು. ಲೋಹಿತಾ ಕಿಟಕಿಯಾಚೆ ನಿಂತಿದ್ದ ಪ್ರಭುದೇವನ ಬೈಕಿನತ್ತ ನೋಡಿದಳು.

"ಸಿಕ್ತು!" ಜೈಬಾ ಕೂಗಿದಳು. "ಡೇಟಾಬೇಸ್ ಅಳಿಸಿಲ್ಲ. ಯಾವುದನ್ನು ತೆರೀಬೇಕು ಅಂತ ಹೇಳೋ ಸಾಲು ಬದಲಾಯಿಸಿದಾರೆ. ಅಲ್ಲಿ ಬರೆದಿರೋ ಹೆಸರಿನ ಡೇಟಾಬೇಸೇ ಇರಲಿಲ್ಲ, ಅದಕ್ಕೆ ಪ್ರೋಗ್ರಾಂ ಖಾಲಿ ಹೊಸದೊಂದು ಮಾಡ್ಕೊಂಡಿದೆ."

ಸಾಲು ಸರಿಮಾಡಿದಳು. ದಾನಿಗಳೆಲ್ಲ ಮರಳಿದರು. ಕಳ್ಳಂಬೆಳ್ಳದ ರಂಗರಾಜು, ಓ ನೆಗೆಟಿವ್. ಫೋನ್ ಹೋದ ತಕ್ಷಣ ಹೊರಟ.

* * *

"ಕಂಪ್ಯೂಟರ್ ಗೊತ್ತಿದ್ದೋರು ಆ ಹೊಸ ಡೇಟಾಬೇಸನ್ನ ಖಾಲಿ ಬಿಟ್ಟು ಹೋಗ್ತಿದ್ರು," ಎಂದಳು ಲೋಹಿತಾ, ಮಧ್ಯಾಹ್ನ ಮೂವರನ್ನೂ ಕರೆದು. "ಇವರು ಹೊಸ ಲೆಕ್ಕದ ಪುಸ್ತಕ ಶುರುಮಾಡಿದ ಹಾಗೆ ಮೊದಲು ಮನೆದೇವರ ಹೆಸರು ಬರೆದ್ರು. ಆಮೇಲೆ ಅಳಿಸೋಕೆ ಕೈ ಬರಲಿಲ್ಲ. ತಿಪ್ಪೇಶಪ್ಪಂದು ಜುಂಜಪ್ಪ. 'ವೀರಭದ್ರಸ್ವಾಮಿ ಮನೆದೇವರು' ಅಂತ ಬೈಕ್ ಮೇಲೆ ಬರೆಸಿರೋರು ನೀವು, ಪ್ರಭುದೇವ್."

ಪ್ರಭುದೇವ್ ಬೈಕಿನ ಕೀ ಮೇಜಿನ ಮೇಲಿಟ್ಟ. "ಮೊದ್ಲೆಲ್ಲ ತಾಲ್ಲೂಕಿಗೆ ತಾಲ್ಲೂಕೇ ನನ್ನ ಕೇಳ್ತಿತ್ತು ಮೇಡಂ. ಇವ್ಳು ಬಂದ್ಮೇಲೆ ಯಾರಿಗೂ ನಾನು ಬ್ಯಾಡ. ಒಂದಿನ ನಾನೇ ಬೇಕು ಅನ್ನಿಸ್ಲಿ ಅಂತ ಇವ್ಳು ಮಾಡೋದ್ ನೋಡ್ಕಂಡು ಆ ಸಾಲು ಬದಲಾಯಿಸ್ದೆ... ದಾನಿ ಸಿಗ್ತಾನೆ ಅನ್ಕಂಡಿದ್ದೆ."

ಹೊಟ್ಟೆಕಿಚ್ಚು ಏನೆಂದು ಲೋಹಿತಾಳಿಗೆ ಗೊತ್ತು. ಮಧುಗಿರಿಯಲ್ಲಿ ತನಗಿಂತ ಕಿರಿಯಳಿಗೆ ಬಡ್ತಿ ಸಿಕ್ಕಾಗ ಅವಳಿಗೂ ಉರಿದಿತ್ತು. ಆದರೆ ಅದಕ್ಕೆ ಒಂದು ಜೀವವನ್ನು ಪಣಕ್ಕಿಡುವುದೆಂದರೆ?

"ಸ್ಟೇಷನ್ನಿಗೆ ನಡೀರಿ."

ಅಷ್ಟರಲ್ಲಿ ಪ್ರಭುದೇವನ ಫೋನ್ ಬಡಿದುಕೊಂಡಿತು. ಆಸ್ಪತ್ರೆಯ ನರ್ಸ್. ರಂಗರಾಜು ಕೊಟ್ಟ ರಕ್ತದಿಂದ ದಾಸಮ್ಮ ಉಳಿದಳಂತೆ. ಅವನ ಮುಖ ಅರಳಿತು.

"ಹಲೋ, ಕೇಳಿಸ್ತಾ?" ಎಂದಳು ನರ್ಸ್. "ಫೋನ್ ಜೈಬಾಗೆ ಕೊಡಿ. ದಾಸಮ್ಮನ ಮನೆಯೋರು ಅವ್ರ ಹತ್ರ ಮಾತಾಡ್ಬೇಕಂತೆ."