ಇಪ್ಪತ್ತು ಹೆಬ್ಬೆಟ್ಟು

ಮೂರನೆಯ ಸಲವೂ ಮೇಷ್ಟ್ರ ಅರ್ಜಿ ಹಿಂದಕ್ಕೆ ಬಂತು. ಅವರು ಪಾಠ ಹೇಳುತ್ತಿದ್ದ ಶಾಲೆ ಬಾಗಿಲು ಹಾಕಿ ವರ್ಷವಾಗಿತ್ತು. ಕೆಲಸವಿಲ್ಲದವರಿಗೆ ಸರ್ಕಾರ ಕೊಡುವ ಭತ್ಯೆ ತಮಗೂ ಸಿಗಲಿ ಎಂದು ಕೇಳಿದ್ದರು, ಅಷ್ಟೇ. ಗುಮಾಸ್ತ ಅದರ ಮೇಲೆ ಒಂದು ಸಾಲು ಗೀಚಿದ್ದ: ಅರ್ಜಿದಾರರು ಓದುಬರಹ ಬಲ್ಲವರು, ಸ್ವಂತ ಕಾಲ ಮೇಲೆ ನಿಲ್ಲಬಲ್ಲರು.

ಸರ್ಕಾರದ ಬಗ್ಗೆ ಮೇಷ್ಟ್ರದ್ದು ಒಂದು ಸಿದ್ಧಾಂತವಿತ್ತು. ಅದು ಮೊದಲು ಜನರ ಕೈಗೆ ಊರುಗೋಲು ಕೊಡುತ್ತದೆ; ಅವರು ನಡೆಯುವುದನ್ನೇ ಮರೆತ ಮೇಲೆ ನಡಿಗೆ ಕಲಿಸಲು ಇಲಾಖೆ ತೆರೆಯುತ್ತದೆ. ಆ ವರ್ಷ ಆದದ್ದೂ ಅದೇ. ಭತ್ಯೆ ನಂಬಿ ಕೂತವರು ಹೆಚ್ಚಾದರೆಂದು ಹೊಸ ಯೋಜನೆ ಬಂತು. ಅಕ್ಷರ ಬಾರದ ನಿರುದ್ಯೋಗಿಗಳಿಗೆ ಆರು ತಿಂಗಳು ಪಾಠ. ಕಲಿಯುವವರಿಗೆ ದಿನಭತ್ಯೆ, ಕಲಿಸುವವರಿಗೆ ಗೌರವಧನ.

ಕಲಿಸುವವರ ಪಟ್ಟಿಗೆ ಹೆಸರು ಕೊಟ್ಟ ಮೇಷ್ಟ್ರು ನಿಯತ್ತಿನಿಂದಲೇ ಶುರುಮಾಡಿದರು. ಬೀಗ ರಿಪೇರಿ ಅಂಗಡಿಯ ಮೇಲೊಂದು ಕೋಣೆ ಹಿಡಿದು, ಹಲಗೆಗೆ ಕಪ್ಪು ಬಳಿಸಿ, ಬೆಂಚು ಹಾಕಿಸಿದರು. ಮೊದಲ ದಿನ ಮೂವರು ಬಂದರು. ನಾಲ್ಕನೆಯ ದಿನಕ್ಕೆ ಉಳಿದವನು ಒಬ್ಬ ಗಾರೆಯವನು. 'ಅ' ತಿದ್ದಿ, 'ಆ' ತಿದ್ದಿ, ಅವನೂ ಎದ್ದು ನಿಂತ.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಓದೋಕೆ ಬಂದ್ಬಿಟ್ರೆ ನನ್ನ ಹಳೇ ಭತ್ಯೆ ನಿಂತುಹೋಗುತ್ತಂತೆ. ಕಲಿತು ಕೆಡೋದ್ಯಾಕೆ?"

ಅವನು ಮೆಟ್ಟಿಲಿಳಿದು ಹೋದ ಮೇಲೆ ಮೇಷ್ಟ್ರು ಖಾಲಿ ಬೆಂಚುಗಳನ್ನೇ ನೋಡುತ್ತ ಕೂತರು. ಗದ್ದಲವಿಲ್ಲ, ಗೈರುಹಾಜರಿಯಿಲ್ಲ, ಎದುರುತ್ತರವಿಲ್ಲ. ಇಂಥ ಶಿಸ್ತಿನ ತರಗತಿ ಮೂವತ್ತು ವರ್ಷದಲ್ಲಿ ಅವರಿಗೆ ಸಿಕ್ಕಿರಲಿಲ್ಲ. ಕಚೇರಿಗೆ ಬೇಕಾದ್ದು ಮನುಷ್ಯರಲ್ಲ, ಕಾಗದ. ಕಾಗದವನ್ನು ತಮಗಿಂತ ಚೆನ್ನಾಗಿ ಬಲ್ಲವರು ಯಾರು?

ಹಳೆಯ ಹಾಜರಿ ಪುಸ್ತಕಗಳಿಂದ ಇಪ್ಪತ್ತು ಹೆಸರು ಆರಿಸಿ, ಅಪ್ಪಂದಿರನ್ನು ಅದಲುಬದಲು ಮಾಡಿ, ಒಬ್ಬೊಬ್ಬರಿಗೂ ಒಂದೊಂದು ಕಸುಬು ಕಟ್ಟಿದರು. ವಾರಕ್ಕೊಮ್ಮೆ ಭತ್ಯೆಯ ಲಕೋಟೆ ಮೇಷ್ಟ್ರ ಕೈಗೇ ಬರುತ್ತಿತ್ತು. ಹಂಚಿ, ಹೆಬ್ಬೆಟ್ಟು ಒತ್ತಿಸಿ, ಪಟ್ಟಿ ಕಳಿಸಿದರಾಯಿತು. ಕಳ್ಳತನಕ್ಕೆ ಪಾಲುದಾರ ಸೇರಿದರೆ ಗುಟ್ಟು ಬೀದಿಗೆ ಬಂತು ಅಂತಲೇ ಲೆಕ್ಕ. ಅದಕ್ಕೇ ಇಪ್ಪತ್ತು. ದೇವರು ಅವರಿಗೆ ಕೊಟ್ಟಿದ್ದು ಅಷ್ಟೇ ಬೆರಳು.

ಬಲಗೈ ಹೆಬ್ಬೆರಳು ಮೂಟೆ ಹೊರುವವನದಾಯಿತು. ಎಡಗೈ ಕಿರುಬೆರಳು ಗುಂಡಿ ಹೊಲಿಯುವ ಹೆಂಗಸಿನದು. ಕಾಲಿನ ಹೆಬ್ಬೆರಳು ದಢೂತಿ ಕಮ್ಮಾರನಿಗೆ ಹೇಳಿ ಮಾಡಿಸಿದಂತಿತ್ತು. ಕಾಲಿನ ಕಿರುಬೆರಳು ಬರೀ ಚುಕ್ಕೆಯಾಗಿ ಮೂಡಿದ್ದರಿಂದ ಅದನ್ನು ಪಾತ್ರೆ ತಿಕ್ಕಿ ತಿಕ್ಕಿ ಬೆರಳು ಸವೆಸಿಕೊಂಡ ಮುದುಕಿಗೆ ಬಿಟ್ಟುಕೊಟ್ಟರು.

"ಕಾಲಿಗೇನ್ರೀ ಮಸಿ?" ಎಂದಳು ಹೆಂಡತಿ.

"ಸ್ವಂತ ಕಾಲ ಮೇಲೆ ನಿಲ್ತಿದೀನಿ ಕಣೇ," ಎಂದರು ಮೇಷ್ಟ್ರು.

ಅವಳು ಬಚ್ಚಲಿಗೆ ಸೋಪು ತಂದಿಟ್ಟಳು.

ತಿಂಗಳ ಪರೀಕ್ಷೆಯ ಉತ್ತರಪತ್ರಿಕೆಗಳನ್ನಂತೂ ಅವರು ಮನಸ್ಸಿಟ್ಟು ಬರೆದರು. ಎಡಗೈಲಿ ಐದು, ಬಲಗೈಲಿ ಐದು, ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಐದು, ಮಿಕ್ಕವನ್ನು ಮಂಡಿಯ ಮೇಲಿಟ್ಟು. ತಿಂಗಳಿಂದ ತಿಂಗಳಿಗೆ ತಪ್ಪುಗಳು ಕಡಿಮೆಯಾಗುತ್ತ ಬಂದವು. ಕಮ್ಮಾರನಿಗೆ ಮಾತ್ರ ಒತ್ತಕ್ಷರ ಹತ್ತಲಿಲ್ಲ. 'ಅಕ್ಕ'ನನ್ನು 'ಅಕ' ಎಂದೇ ಬರೆಯುತ್ತಿದ್ದ. ಐದನೆಯ ತಿಂಗಳು ಅವನು ಸರಿಯಾಗಿ 'ಅಕ್ಕ' ಎಂದು ಬರೆದ ದಿನ ಮೇಷ್ಟ್ರ ಕಣ್ಣು ತೇವವಾಯಿತು. ನಿಜವಾದ ಮಕ್ಕಳು ಯಾರೂ ಅವರಿಗೆ ಇಷ್ಟು ತೃಪ್ತಿ ಕೊಟ್ಟಿರಲಿಲ್ಲ.

ಆರು ತಿಂಗಳು ತುಂಬಿತು. ಇಪ್ಪತ್ತಕ್ಕೆ ಇಪ್ಪತ್ತೂ ಪಾಸು. ಪ್ರಮಾಣಪತ್ರಗಳು ಬಂದವು, ಹಂಚಿಕೆಯೂ ಆಯಿತು. ಮರುವಾರ ಇಲಾಖೆಯ ಅಧಿಕಾರಿಣಿ ಕಡತ ನೋಡಲು ಬರುತ್ತಾರೆಂದು ಪತ್ರ ಬಂದಾಗ ಮೇಷ್ಟ್ರು ಬೆದರಲಿಲ್ಲ. ಯಾರು ಯಾವ ಊರಿಗೆ ಕೆಲಸಕ್ಕೆ ಹೋದರು, ಯಾರಿಗೆ ಮದುವೆಯಾಯಿತು, ಎಲ್ಲಕ್ಕೂ ಉತ್ತರ ಸಿದ್ಧವಿತ್ತು. ಮುದುಕಿಯನ್ನು ಮಗಳ ಬಾಣಂತನಕ್ಕೆ ಕಳಿಸಿದ್ದರು.

ಆಕೆ ಮೃದು ಮಾತಿನವರು. ಯಾರು ಎಲ್ಲಿದ್ದಾರೆಂದು ಕೇಳಲೇ ಇಲ್ಲ. ಒಂದೊಂದೇ ಉತ್ತರಪತ್ರಿಕೆ ಓದುತ್ತ, ಕಮ್ಮಾರನ 'ಅಕ್ಕ'ನನ್ನು ನೋಡಿ ನಕ್ಕರು. ಇಲಾಖೆಯಲ್ಲಿ ಎಲ್ಲ ಯೋಜನೆಗಳೂ ಮಣ್ಣುಪಾಲಾಗಿವೆ, ಇದೊಂದಾದರೂ ಗೆದ್ದಿತಲ್ಲ ಎಂದು ಹೇಳುವಾಗ ಅವರ ದನಿಯಲ್ಲಿ ನಿಜವಾದ ಸಂತೋಷವಿತ್ತು. ಮೇಷ್ಟ್ರಿಗೂ ಒಂದು ಗಳಿಗೆ ತಾವು ಕಲಿಸಿದ್ದು ನಿಜವೇ ಅನ್ನಿಸಿಬಿಟ್ಟಿತು.

ಆಕೆ ಕಡತದ ಕೊನೆಯ ಹಾಳೆಗೆ ಬಂದರು. ಪ್ರಮಾಣಪತ್ರ ತಲುಪಿದ್ದಕ್ಕೆ ವಿದ್ಯಾರ್ಥಿಗಳು ಕೊಟ್ಟ ರಸೀತಿ ಅದು. ಮೇಷ್ಟ್ರು ಎಂದಿನ ಅಭ್ಯಾಸದಂತೆ ಚಪ್ಪಲಿ ಬಿಚ್ಚಿ, ಹತ್ತೇ ನಿಮಿಷದಲ್ಲಿ ಮುಗಿಸಿದ ಕೆಲಸ. ಆಕೆ ಬೆರಳಿಟ್ಟು ಮೇಲಿಂದ ಕೆಳಗಿನವರೆಗೆ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಆಮೇಲೆ ನಗು ಮಾಸದ ಮುಖದಲ್ಲೇ ಕೇಳಿದರು: "ಮೇಷ್ಟ್ರೇ, ಇವರಿಗೆಲ್ಲ ಓದೋಕೆ ಬರೆಯೋಕೆ ಬರುತ್ತೆ ಅಂತ ಪ್ರಮಾಣಪತ್ರ ಕೊಟ್ಟಿದ್ದೀರಿ. ಅದನ್ನ ಇಸ್ಕೊಂಡಿದ್ದಕ್ಕೆ ಒಬ್ಬರೂ ಸಹಿ ಹಾಕಿಲ್ವಲ್ಲ, ಇಪ್ಪತ್ತು ಜನವೂ ಹೆಬ್ಬೆಟ್ಟೇ ಒತ್ತಿದಾರಲ್ಲ?"