ಊಟದ ಹೊತ್ತಿಗೆ ಮಂಕಾದ ದೀಪ

"ನನ್ನ ಗಂಡ ಅಂಥಾ ತಪ್ಪು ಮಾಡೋನಲ್ರಾ ಅಕ್ಕೋರೇ. ಸತ್ತವನ ಹೆಸರಾದ್ರೂ ಉಳಿಸಿ ಕೊಡಿ."

ಕೇಣಿಯಿಂದ ಕಾರವಾರಕ್ಕೆ ಬಂದಿದ್ದ ಗಂಗಿ ದೇವಕಿ ಅಕ್ಕೋರ ಮನೆಯ ಹೊಸ್ತಿಲ ಹೊರಗೇ ನಿಂತಿದ್ದಳು. ನಿಶಾ ಅವಳನ್ನು ಕೈಹಿಡಿದು ಒಳಗೆ ಕರೆತಂದಳು. ದೇವಕಿ ಅಕ್ಕೋರು ಪಾಲಿಟೆಕ್ನಿಕ್ಕಿನಲ್ಲಿ ವಿದ್ಯುತ್ ಯಂತ್ರಗಳ ಪಾಠ ಹೇಳಿ ನಿವೃತ್ತರಾದವರು; ಪೊಲೀಸರು ಕೈಚೆಲ್ಲಿದ ಎಷ್ಟೋ ಗಂಟುಗಳನ್ನು ಬಿಡಿಸಿದವರು. ನಿಶಾ ಅವರ ಹಳೆಯ ಶಿಷ್ಯೆ, ಈಗ ಜೊತೆಗಾತಿ.

ಅದು 2004ರ ಬೇಸಿಗೆ. ಕೇಣಿಯ ಐಸ್ ಫ್ಯಾಕ್ಟರಿಯಲ್ಲಿ ಕರೆಂಟ್ ಹೋಗಿ ಜನರೇಟರ್ ಓಡುತ್ತಿದ್ದಾಗ ವೋಲ್ಟೇಜ್ ಏಕಾಏಕಿ ಏರಿ ಸ್ವಿಚ್‌ಬೋರ್ಡ್ ಹೊತ್ತಿಕೊಂಡಿತ್ತು. ಆರಿಸಲು ನುಗ್ಗಿದ ಆಪರೇಟರ್, ಗಂಗಿಯ ಗಂಡ ಬೀರು, ಸುಟ್ಟು ಸತ್ತ. ಆಮೇಲೆ ನೋಡಿದರೆ ರೆಗ್ಯುಲೇಟರಿನ ಸ್ವಿಚ್ಚು 'ಆಟೋ' ಬಿಟ್ಟು 'ಮ್ಯಾನುಯಲ್'ನಲ್ಲಿತ್ತು. ಬೀರು ಊಟಕ್ಕೆ ಹೋದಾಗ ಯಂತ್ರ ಕಾದವನು ಅವನ ತಮ್ಮ ಕಾಶಿ. "ಅಣ್ಣನೇ ಮ್ಯಾನುಯಲ್‌ಗೆ ಹಾಕಿ ಹೋಗಿದ್ದ, ನಾ ಮುಟ್ಟಲಿಲ್ಲ" ಎಂದು ಅವನು ಹೇಳಿಕೆ ಕೊಟ್ಟಿದ್ದ.

"ಅವತ್ತು ನಿಮ್ಮ ಮನೆಯಲ್ಲಿ ದೀಪ ಹೇಗಿತ್ತು?" ದೇವಕಿ ಕೇಳಿದರು.

"ಫ್ಯಾಕ್ಟರಿ ಪಕ್ಕದ ನಮ್ಮನೆಗೂ ಆ ಜನರೇಟರಿಂದೇ ಲೈನು. ಅವ ಉಣ್ಣೂಕೆ ಕೂತಾಗ ಒಂದು ಕಂಪ್ರೆಸರ್ ಶುರುವಾಯ್ತು. ಬಲ್ಬು ಕಣ್ಣು ಮಿಟುಕಿಸಿ ಸರಿಯಾಯ್ತು. ಎರಡನೇದು ಶುರುವಾದಾಗ ಮಾತ್ರ ಕೆಂಪಗಾಗಿ ಹಾಂಗೇ ಉಳೀತು. ಅವ ತಾಟು ಬಿಟ್ಟು ಓಡ್ದ. ಕಡೀಗೆ ಬಲ್ಬು ಬೆಳ್ಳಗೆ ಉರಿದು ಒಡೀತು."

ಮರುದಿನ ಫ್ಯಾಕ್ಟರಿಯಲ್ಲಿ ಮಾಲೀಕ ಮಧುಕರ, ಇನ್‌ಸ್ಪೆಕ್ಟರ್, ಕಾಶಿ, ಗಂಗಿ ಎಲ್ಲರೂ ಸೇರಿದರು. ಬೋರ್ಡು ರಿಪೇರಿಯಾಗಿತ್ತು. ದೇವಕಿ ಜನರೇಟರ್ ಓಡಿಸಿ ಒಂದು ಬಲ್ಬು ಹಚ್ಚಿಸಿದರು.

"ಜನರೇಟರಿನೊಳಗಿನ ಅಯಸ್ಕಾಂತಕ್ಕೆ ಬಲ ಕೊಡುವುದು ಎಕ್ಸೈಟೇಷನ್ ಕರೆಂಟು. ಆಟೋದಲ್ಲಿ ರೆಗ್ಯುಲೇಟರ್ ವೋಲ್ಟೇಜನ್ನು ಕಾಯುತ್ತಾ ಆ ಕರೆಂಟನ್ನು ತಾನೇ ಏರಿಸಿ ಇಳಿಸುತ್ತದೆ."

ಕಂಪ್ರೆಸರ್ ಗುಡುಗಿತು. ಬಲ್ಬು ಮಿಟುಕಿ ನೆಟ್ಟಗಾಯಿತು. ಅದನ್ನು ನಿಲ್ಲಿಸಿ ಅವರು ಸ್ವಿಚ್ಚನ್ನು ಮ್ಯಾನುಯಲ್‌ಗೆ ತಿರುಗಿಸಿ ಮತ್ತೆ ಶುರು ಮಾಡಿಸಿದರು. ಈ ಸಲ ಬಲ್ಬು ಕೆಂಪಾಗಿ ಹಾಗೇ ಉಳಿಯಿತು.

"ಇಲ್ಲಿ ನಾವು ಇಟ್ಟಷ್ಟೇ ಕರೆಂಟು. ಕಂಪ್ರೆಸರಿನಂಥ ಹೊರೆ ಬಿದ್ದರೆ ವೋಲ್ಟೇಜ್ ಕುಸಿಯುತ್ತದೆ. ಗುಂಡಿ ತಿರುಗಿಸಿ ಏರಿಸಿಕೊಂಡ ಮೇಲೆ ಹೊರೆ ಕಳಚಿದರೆ ನೆಗೆಯುತ್ತದೆ. ಬೀರು ಊಟಕ್ಕೆ ಕೂತಾಗ ಸ್ವಿಚ್ಚು ಇನ್ನೂ ಆಟೋದಲ್ಲಿತ್ತು. ಮೊದಲ ಕಂಪ್ರೆಸರಿಗೆ ದೀಪ ಸರಿಯಾದದ್ದೇ ಸಾಕ್ಷಿ. ಎರಡನೆಯದು ಶುರುವಾಗುವ ಮುಂಚೆ ಯಾರೋ ಅದನ್ನು ಮ್ಯಾನುಯಲ್‌ಗೆ ಬದಲಿಸಿದ್ದಾರೆ. ಆಗ ಇಲ್ಲಿದ್ದವನು ನೀನೊಬ್ಬನೇ, ಕಾಶಿ."

ಕಾಶಿ ಗಂಗಿಯತ್ತ ತಿರುಗಿದ. "ದೀಪ ಮಂಕಾದ್ರೆ ಅಣ್ಣಂದೇ ತಪ್ಪು ಅಂತ ಮಾಲೀಕ್ರು ಅವನ್ನ ಬಿಡಿಸ್ತ್ರು, ಕೆಲಸ ನಂಗೆ ಸಿಗ್ತದೆ ಅಂದ್ಕೊಂಡೆ. ತೀರಾ ಇಳೀತು ಅಂತ ಗುಂಡಿ ಏರಿಸ್ದೆ. ಅವ ಓಡಿ ಬರೂದು ಕಂಡು ಹೆದ್ರಿ ಎರಡೂ ಕಂಪ್ರೆಸರ್ ಬಂದ್ ಮಾಡ್ದೆ... ಕೊಲ್ಲೂಕಲ್ಲ ಅತ್ತಿಗೆ!"

ಗಂಗಿ ಅವನತ್ತ ನೋಡಲಿಲ್ಲ. ಗಂಡ ಸತ್ತಂದಿನಿಂದ ಅವಳ ಮನೆಗೆ ಅಕ್ಕಿ, ಮೀನು ತಂದು ಹಾಕುತ್ತಿದ್ದವನು ಇವನೇ.

"ಅಂದ್ರೆ ಇದು ಅಣ್ಣತಮ್ಮಂದಿರ ಜಗಳ. ಫ್ಯಾಕ್ಟರಿಗೆ ಸಂಬಂಧವಿಲ್ಲ" ಎಂದು ಮಧುಕರ ನಿರಾಳವಾಗಿ ಹೊರನಡೆದ.

ಕಾಶಿಯನ್ನು ಕೂರಿಸಿಕೊಂಡು ಪೊಲೀಸ್ ಜೀಪು ಹೋದ ಮೇಲೆ ನಿಶಾ ಗಂಗಿಯ ಪಕ್ಕ ಕೂತಳು. ಗೆದ್ದೆವೆಂಬ ಭಾವ ಅವಳೊಳಗೆ ಎಲ್ಲಿಯೂ ಇರಲಿಲ್ಲ.

"ಹೆಸರು ಉಳೀತು ಅಕ್ಕೋರೇ," ಗಂಗಿ ಎದ್ದು ಸೆರಗು ಕೊಡವಿದಳು. "ಅತ್ತೆ ಬಾಗಿಲಲ್ಲೇ ಕೂತಿರ್ತದೆ. ಉಳಿದೊಬ್ಬ ಮಗ ಎಲ್ಲಿ ಅಂತ ಕೇಳಿದ್ರೆ ಏನು ಹೇಳ್ಲಿ?"

ದೇವಕಿ ಅಕ್ಕೋರು ಇನ್ನೂ ಉರಿಯುತ್ತಿದ್ದ ಬಲ್ಬನ್ನು ಆರಿಸಿ ಅವಳ ಜೊತೆ ಹೊರಟರು.