ಒಡೆಯದ ಎಂಟು ಲಕೋಟೆ

"ನವಿಲಿನ ಮಾರಿಗೆ ಮಸಿ ಬಡದೀರಲ್ರಿ! ನಾಚಿಕಿ ಬರೂದಿಲ್ಲೇನ್ರಿ ನಿಮಗ?"

ಮುರಗೋಡದ ಅಂಚೆ ಕಚೇರಿಯ ಕಿಟಕಿಯಲ್ಲಿ ಉಮಾಶ್ರೀ ಗದರಿದಾಗ ಗುಮಾಸ್ತ ಬಾಳೇಶ ತಲೆಯೆತ್ತಿದ. ಆಕೆ ಊರಿನ ಶಾಲೆಯ ಶಿಕ್ಷಕಿ. ತಾನು ಮಾಡದ್ದನ್ನು ಮಕ್ಕಳಿಗೆ ಹೇಳಬಾರದೆಂಬ ನಿಷ್ಠೆಯವಳಾದ್ದರಿಂದ, ಅಂಚೆಚೀಟಿ ಸಂಗ್ರಹವನ್ನು ಕಲಿಸುವ ಮುನ್ನ ತಾನೇ ಆರಂಭಿಸಿದ್ದಳು. ಅವಳು ಲಕೋಟೆಯಿಂದ ಉಗುರಿನಲ್ಲಿ ಕಿತ್ತು ತಂದಿದ್ದ ನವಿಲಿನ ಚೀಟಿಯ ಮೇಲೆ ಅಂಚೆಮುದ್ರೆಯ ಮಸಿ ಮೆತ್ತಿತ್ತು; ಅರ್ಧ ಗರಿಯೂ ಹರಿದುಹೋಗಿತ್ತು.

"ಮಸಿ ನಂದ, ಖರೆ. ಗರಿ ಕಿತ್ತಾವ್ರು ಯಾರ್ರಿ, ಟೀಚರ?"

ಅವಳ ಕಿವಿ ಕೆಂಪೇರಿತು. ಅವನು ನಗಲಿಲ್ಲ; ಕಣ್ಣು ಮಾತ್ರ ನಕ್ಕವು.

ಅಂದಿನಿಂದ ಪ್ರತಿ ಶನಿವಾರ ಶಾಲೆ ಬಿಟ್ಟೊಡನೆ ಪಾಠ. ಲಕೋಟೆಯ ಮೂಲೆಯನ್ನು ಕತ್ತರಿಸಿ ನೀರಿನಲ್ಲಿ ನೆನೆಸಬೇಕು. ಚೀಟಿ ತಾನಾಗಿ ಬಿಡುವವರೆಗೆ ಕಾಯಬೇಕು. ಹಳೆಯ ಪೇಪರಿನ ಮೇಲೆ ಬೋರಲು ಹಾಕಿ ಒಣಗಿಸಬೇಕು. ಅವಸರ ಮಾಡುವ ಅವಳ ಬೆರಳುಗಳನ್ನು ಅವನು ಮುಟ್ಟದೆಯೇ, ಬರಿಯ ನೋಟದಿಂದ ತಡೆಯುತ್ತಿದ್ದ.

"ಇನ್ನ ಊರೂರಿನ ಶಿಕ್ಕಾ ಕೂಡಸ್ರಿ," ಎಂದ ಒಮ್ಮೆ, ಲಕೋಟೆಯೊಂದರ ಮೇಲಿನ ಅಂಚೆಮುದ್ರೆ ತೋರಿಸಿ. "ನಿಮ್ಮ ಹೆಸರಿಗೇ ಪಾಕೀಟ ತರಸ್ರಿ. ಒಳಗೊಂದು ಖಾಲಿ ದಪ್ಪ ಕಾರ್ಡ ಇದ್ರ ಶಿಕ್ಕಾ ಚಂದ ಮೂಡತೈತಿ. ಆದ್ರ ಒಂದ ನೇಮ. ಅದನ್ನ ಒಡಿಬಾರದು. ಒಡದ್ರ ಕೆಟ್ಟಂಗ."

"ನೇಮ ಮುರಿಯೂ ಪೈಕಿ ಅಲ್ಲ ನಾನು."

ಕಿತ್ತೂರಿನದು ಬಂತು, ಬೈಲಹೊಂಗಲದ್ದು ಬಂತು. ಅಷ್ಟರಲ್ಲಿ ಬಾಳೇಶನಿಗೆ ಕಟಕೋಳಕ್ಕೆ ವರ್ಗವಾಯಿತು. "ಅಲ್ಲಿಂದ ಶಿಕ್ಕಾ ಕಳಸತೇನಿ," ಎಂದಷ್ಟೇ ಹೇಳಿ ಹೊರಟ.

ಗುರುವಾರಕ್ಕೊಂದು ಲಕೋಟೆ ಬರತೊಡಗಿತು. ನವಿಲಿಗೆ ನೋವಾಗಬಾರದೆಂಬಂತೆ ದುಂಡು ಮುದ್ರೆ ಮೂಲೆಯನ್ನಷ್ಟೇ ತಾಗಿರುತ್ತಿತ್ತು. ಉಮಾಶ್ರೀ ಒಳಗಿನ ಕಾರ್ಡಿನ ಗಟ್ಟಿತನವನ್ನು ಸವರಿ ನೋಡಿ, ನಿಟ್ಟುಸಿರಿಟ್ಟು, ಆಲ್ಬಮ್ಮಿಗೆ ಸೇರಿಸುತ್ತಿದ್ದಳು. ಇಷ್ಟು ಜತನದಿಂದ ಮುದ್ರೆಯೊತ್ತುವ ಕೈಗೆ ಎರಡು ಸಾಲು ಬರೆಯಲು ಬಾರದೇ? ಕೋಪ ಬರುತ್ತಿತ್ತು. ಕೋಪದ ಬೆನ್ನಿಗೇ ಮುಂದಿನ ಗುರುವಾರದ ಹಂಬಲ.

ಒಂಬತ್ತನೆಯ ಗುರುವಾರ ಲಕೋಟೆ ಬರಲಿಲ್ಲ. ಶಾಲೆಯ ಗೇಟಿನಲ್ಲಿ ಬಾಳೇಶನೇ ನಿಂತಿದ್ದ. ಮುಖ ಬಾಡಿತ್ತು.

"ಎಂಟ ಕಾಗದ ಬರದೆ, ಟೀಚರ. ಮನಸಿಲ್ಲ ಅಂತ ಒಂದ ಮಾತು ತಿಳಿಸಿದ್ರ ಸಾಕಾಗಿತ್ತು. ನಾಳೆ ಮನಿಯಾವ್ರು ಸವದತ್ತಿಗೆ ಕನ್ಯಾ ನೋಡಾಕ ಕರಕೊಂಡ ಹೊಂಟಾರ."

"ಯಾವ ಕಾಗದ್ರಿ?"

ಅವಳು ಚೀಲದಿಂದ ಆಲ್ಬಮ್ ತೆಗೆದಳು. ಎಂಟೂ ಲಕೋಟೆಗಳು ಅಂಟು ಬಿಡದೆ ಸಾಲಾಗಿ ಕುಳಿತಿದ್ದವು.

"ಒಡದ ಇಲ್ಲೇನ್ರಿ!"

"ಒಡಿಬಾರದು ಅಂದಾವ್ರು ಯಾರು?"

ತಾನೇ ಹಾಕಿದ ನೇಮ ನೆನಪಾಗಿ ಅವನು ಹಣೆ ಚಚ್ಚಿಕೊಂಡ. ಅವಳು ಮೊದಲ ಲಕೋಟೆಗೆ ಕೈಹಾಕಿದಳು.

"ತಡೀರಿ, ಕೆಡತೈತಿ..."

"ಕೆಡಲಿ."

ಚರ್ರೆಂದು ಹರಿದಳು. ಕಾರ್ಡಿನ ಮೇಲೆ ದುಂಡಗಿನ ಅಕ್ಷರ: 'ಟೀಚರ, ಶನಿವಾರ ಬಂದರ ಇಲ್ಲಿ ಕಿಟಕಿ ಖಾಲಿ ಅನಸತೈತಿ. ನಿಮಗೂ ಹಂಗ ಅನಸತೈತೇನು?'

ಅಕ್ಷರಗಳು ಮಂಜಾದವು. ಆದರೂ ಗದರುವುದನ್ನು ಅವಳು ಬಿಡಲಿಲ್ಲ. "ಇಂಥಾ ಮಾತನ್ನ ಅಂಟು ಹಚ್ಚಿ ಮುಚ್ಚತಾರೇನ್ರಿ?"

ಚೀಲದಲ್ಲಿದ್ದ ಅಂಚೆ ಕಾರ್ಡಿನ ಮೇಲೆ ಕಟಕೋಳದ ವಿಳಾಸ ಬರೆದಳು. ಕೆಳಗೆ: 'ಅನಸತೈತಿ. ಸವದತ್ತಿಗೆ ಹೋಗಬ್ಯಾಡ್ರಿ.'

ಇಣುಕಿ ಓದಿದ ಬಾಳೇಶ ಉಸಿರು ಮರೆತ. "ಬಿಚ್ಚ ಕಾರ್ಡ ಐತ್ರಿ. ಮಂದಿ ಓದತಾರ."

"ಓದಲಿ. ಮುಚ್ಚಿಡೂವಂಥಾ ತಪ್ಪೇನ ಮಾಡೇವಿ ನಾವು?"

ರಸ್ತೆ ದಾಟಿ ಅದನ್ನು ಕೆಂಪು ಡಬ್ಬಿಗೆ ಹಾಕಿದಳು. ಶನಿವಾರ ಅದು ಕಟಕೋಳ ಮುಟ್ಟಿತು. ಶುಕ್ರವಾರ ಸವದತ್ತಿಗೆ ಯಾರೂ ಹೋಗಿರಲಿಲ್ಲ.

ಉಳಿದ ಏಳನ್ನು ಅವಳು ಒಮ್ಮೆಗೇ ಒಡೆಯಲಿಲ್ಲ, ಗುರುವಾರಕ್ಕೊಂದರಂತೆ ಓದಿದಳು. ಕೊನೆಯದನ್ನು ಒಡೆಯುವ ಹೊತ್ತಿಗೆ ನಿಶ್ಚಿತಾರ್ಥವಾಗಿತ್ತು. ಬರೆದವನೇ ಪಕ್ಕದಲ್ಲಿ ಕತ್ತರಿ ಹಿಡಿದು ಕುಳಿತಿದ್ದ. ನವಿಲಿನ ಒಂದು ಗರಿಗೂ ಏಟು ತಾಗದಂತೆ ಅಂಚು ಕತ್ತರಿಸಿ, ಅವಳ ಕೈಗಿತ್ತು, ಓದುವ ಮುಖವನ್ನೇ ನೋಡುತ್ತ ಕುಳಿತ.